‘ನೈಜೀರಿಯಾ’ದಿಂದ ‘ಮೈಸೂರು’: ಒಂದು ಯುದ್ಧನೌಕೆಯ ಎರಡು ಚರಿತ್ರೆಗಳು

ಕರ್ನಾಟಕದ ನೌಕಾಚರಿತ್ರೆಯ ಅಧ್ಯಯನಗಳು ಬಹುಮಟ್ಟಿಗೆ ಕರಾವಳಿಯ ಬಂದರುಗಳಿಗೂ ವ್ಯಾಪಾರಕ್ಕೂ ಸೀಮಿತಗೊಂಡಿವೆ. ಇಪ್ಪತ್ತನೆಯ ಶತಮಾನದಲ್ಲಿ ಈ ನಾಡಿನ ಹೆಸರು ಹೊತ್ತು ಸಂಚರಿಸಿದ ‘ಐ.ಎನ್.ಎಸ್. ಮೈಸೂರು’ ನೌಕೆಯ ಪೂರ್ವಚರಿತ್ರೆಯೂ ಅಷ್ಟೇ ಗಮನಾರ್ಹವಾದುದು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಿರ್ಮಾಣಗೊಂಡು 1939ರ ಜುಲೈನಲ್ಲಿ ನೀರಿಗಿಳಿದ ಈ ಕ್ರೂಸರ್, 1940ರಲ್ಲಿ ‘ನೈಜೀರಿಯಾ’ ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಪಡೆಯನ್ನು ಸೇರಿತು. 1941ರ ಜೂನ್‌ನಲ್ಲಿ ಉತ್ತರ ಸಮುದ್ರಗಳಲ್ಲಿ ಜರ್ಮನಿಯ ಹವಾಮಾನ ವೀಕ್ಷಣಾ ನೌಕೆ ‘ಲಾವೆನ್‌ಬರ್ಗ್’ ಅನ್ನು ವಶಪಡಿಸಿಕೊಂಡ ತಂಡದಲ್ಲಿ ಅದಿತ್ತು. ಅಲ್ಲಿ ದೊರೆತ ದಾಖಲೆಗಳು ಜರ್ಮನ್ ಗುಪ್ತಲಿಪಿಯನ್ನು ಭೇದಿಸಲು ನೆರವಾದವು. 1942ರ ಆಗಸ್ಟ್ 12ರಂದು ಮಾಲ್ಟಾಕ್ಕೆ ಸರಕು ಸಾಗಿಸುವ ಹಡಗುಗಳ ರಕ್ಷಣೆಯಲ್ಲಿದ್ದಾಗ ಇಟಲಿಯ ಜಲಾಂತರ್ಗಾಮಿ ‘ಆಕ್ಸಮ್’ನ ಟಾರ್ಪಿಡೊ ತಗುಲಿ 52 ಮಂದಿ ಮೃತರಾದರು. ಅಮೆರಿಕದಲ್ಲಿ ದುರಸ್ತಿಗೊಂಡ ತರುವಾಯ ನೌಕೆ ಹಿಂದೂ ಮಹಾಸಾಗರದ ಪೂರ್ವ ನೌಕಾಪಡೆಗೆ ಬಂದಿತು.

ಅಂಡಮಾನ್ ದ್ವೀಪಗಳು 1942ರ ಮಾರ್ಚ್‌ನಿಂದ ಜಪಾನಿನ ವಶದಲ್ಲಿದ್ದವು. 1943ರ ಡಿಸೆಂಬರ್ 30ರಂದು ಪೋರ್ಟ್‌ಬ್ಲೇರ್‌ನಲ್ಲಿ ಸುಭಾಷ್‌ಚಂದ್ರ ಬೋಸರು ರಾಷ್ಟ್ರಧ್ವಜವನ್ನು ಹಾರಿಸಿದ್ದರು. 1944ರ ಜುಲೈ 25ರಂದು ಸುಮಾತ್ರಾದ ಉತ್ತರ ತುದಿಯಲ್ಲಿದ್ದ ಸಬಾಂಗ್‌ನ ಜಪಾನಿ ನೆಲೆಯ ಮೇಲೆ ‘ನೈಜೀರಿಯಾ’ವನ್ನೊಳಗೊಂಡ ಮಿತ್ರರಾಷ್ಟ್ರಗಳ ಪಡೆ ಫಿರಂಗಿ ದಾಳಿ ನಡೆಸಿತು. ಅಂದರೆ, ಆಜಾದ್ ಹಿಂದ್ ಸರ್ಕಾರದ ಮಿತ್ರನಾಗಿದ್ದ ಜಪಾನಿನ ವಿರುದ್ಧ ಹೋರಾಡಿದ ನೌಕೆಯೇ ಮುಂದೆ ಸ್ವತಂತ್ರ ಭಾರತದ ಆಸ್ತಿಯಾಯಿತು.

1954ರಲ್ಲಿ ಭಾರತ ಈ ನೌಕೆಯನ್ನು ಕೊಂಡಾಗ ಮೈಸೂರು ರಾಜ್ಯಕ್ಕೆ ಕಡಲತೀರವೇ ಇರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉತ್ತರ ಕನ್ನಡವೂ, ಕಾಸರಗೋಡು ಹೊರತಾದ ದಕ್ಷಿಣ ಕನ್ನಡವೂ ರಾಜ್ಯಕ್ಕೆ ಸೇರಿದವು. 1957ರ ಆಗಸ್ಟ್ 29ರಂದು ಕ್ಯಾಪ್ಟನ್ ಎಸ್.ಎಂ. ನಂದಾ ಅವರ ನೇತೃತ್ವದಲ್ಲಿ ನೌಕೆ ಭಾರತೀಯ ಸೇವೆಗೆ ಬಂದಾಗ, ಅದು ಹೊತ್ತ ಹೆಸರಿನ ರಾಜ್ಯಕ್ಕೂ ಕಡಲು ಒದಗಿತ್ತು. ಮೈಸೂರು ಸಂಸ್ಥಾನದ ಗಂಡಭೇರುಂಡ ಅದರ ಲಾಂಛನವಾಯಿತು.

1971ರ ಯುದ್ಧದಲ್ಲಿ ಇದು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ಆಗ ನಂದಾ ಅವರೇ ನೌಕಾಪಡೆಯ ಮುಖ್ಯಸ್ಥರು. 1973ರಲ್ಲಿ ರಾಜ್ಯ ‘ಕರ್ನಾಟಕ’ವಾದರೂ, 1985ರ ಆಗಸ್ಟ್‌ನಲ್ಲಿ ನಿವೃತ್ತಿಗೊಳ್ಳುವವರೆಗೆ ನೌಕೆ ‘ಮೈಸೂರು’ ಆಗಿಯೇ ಉಳಿಯಿತು. 1999ರಲ್ಲಿ ಸೇವೆಗೆ ಸೇರಿದ ಹೊಸ ನೌಕೆಗೂ ಅದೇ ಹೆಸರಿಡಲಾಯಿತು.

ಒಟ್ಟಿನಲ್ಲಿ, ಧ್ವಜ ಬದಲಾದಾಗ ನೌಕೆಯ ಹಿಂದಿನ ಚರಿತ್ರೆ ಅಳಿಯುವುದಿಲ್ಲ. ಸಾಮ್ರಾಜ್ಯದ ಸೇವೆಯನ್ನೂ ರಾಷ್ಟ್ರದ ಸೇವೆಯನ್ನೂ ಒಂದೇ ಒಡಲಲ್ಲಿ ಹೊತ್ತ ‘ಮೈಸೂರ’ನ್ನು ಎರಡರ ಸಾಕ್ಷಿಯಾಗಿ ಕಾಣುವುದೇ ಚರಿತ್ರಕಾರನಿಗೆ ಯುಕ್ತವಾದುದು.