ಎಕ್ಸ್‌ಎಲ್ ಇಂಜಿನ್ ಸೀಜ್ ಆದ್ರೆ ಏನು ಮಾಡ್ಬೇಕು?

ಬೆಳ್ಳಾವಿ: ತೆಂಗಿನಕಾಯಿ ಮೂಟೆ, ಹಾಲಿನ ಕ್ಯಾನು ಹೇರಿಕೊಂಡು ಹೋಗುವಾಗ ಟಿವಿಎಸ್ ಎಕ್ಸ್‌ಎಲ್ ಗಕ್ಕನೆ ನಿಂತು, ಕಿಕ್ಕರ್ ಕೆಳಗೆ ಇಳಿಯದಿದ್ದರೆ ಇಂಜಿನ್ ಸೀಜ್ ಆಗಿರಬಹುದು.

ಮೊದಲು ಗಾಡಿ ತಳ್ಳಿ ನೋಡಿ. ಹಿಂದಿನ ಚಕ್ರವೇ ತಿರುಗದಿದ್ದರೆ ಚೈನ್ ಇಲ್ಲವೇ ಬ್ರೇಕ್ ಹಿಡಿದಿರುತ್ತೆ. ಚಕ್ರ ತಿರುಗಿಯೂ ಕಿಕ್ಕರ್ ಅಲ್ಲಾಡದಿದ್ದರೆ ಇಂಜಿನ್ ಕಡೆ ಗಮನ ಕೊಡಿ.

ಜೋರಾಗಿ ಒದೆಯಬೇಡಿ. ತಣ್ಣೀರು ಸುರೀಬೇಡಿ, ಬಿಸಿ ಸಿಲಿಂಡರ್ ಬಿರುಕು ಬಿಡಬಹುದು. ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಕೀ ಆಫ್ ಮಾಡಿ, ಪ್ಲಗ್ ಹಾಕದೆ ನಿಧಾನವಾಗಿ ಕಿಕ್ಕರ್ ಒತ್ತಿ. ಆಯಿಲ್ ಚಿಮ್ಮುತ್ತೆ, ಮುಖ ದೂರ ಇರಲಿ. ಅಲ್ಲಾಡದಿದ್ದರೆ ಮೆಕ್ಯಾನಿಕ್ ಹತ್ರ ಬಿಚ್ಚಿಸಲೇಬೇಕು. ಅಲ್ಲಾಡಿದ್ರೂ ಲೋಡ್ ಹಾಕುವ ಮುನ್ನ ಬೋರ್, ರಿಂಗ್ ನೋಡಿಸಿ. ಗೀರು ಬಿದ್ದಿದ್ದರೆ ಮತ್ತೆ ಸೀಜ್ ಆಗಬಹುದು.

ಹೆಚ್ಚಿನ ಸಲ ಕಾರಣ ಆಯಿಲ್ ಕೊರತೆ. ಹಳೆ ಎಕ್ಸ್‌ಎಲ್ ಸೂಪರ್ ಟು-ಸ್ಟ್ರೋಕ್ ಗಾಡಿ. ಅದಕ್ಕೆ ಲೀಟರ್ ಪೆಟ್ರೋಲಿಗೆ ಸಾಮಾನ್ಯವಾಗಿ 20 ಮಿ.ಲೀ. 2ಟಿ ಆಯಿಲ್ ಬೆರೆಸಬೇಕು. ಬಾಟಲಿ ಪೆಟ್ರೋಲ್ ಹಾಕುವಾಗಲೂ ಮರೀಬೇಡಿ. 2015ರಲ್ಲಿ ಬಂದ ಎಕ್ಸ್‌ಎಲ್ 100 ಫೋರ್-ಸ್ಟ್ರೋಕ್. ಅದರ ಪೆಟ್ರೋಲಿಗೆ ಆಯಿಲ್ ಬೆರೆಸುವಂತಿಲ್ಲ. ಅದರ ಇಂಜಿನ್ ಆಯಿಲ್ ಬೇರೆ, ಮಟ್ಟ ಆಗಾಗ ನೋಡ್ತಿರಬೇಕು.