ನೆರೆಹೊರೆ ಮತ್ತು ಹಳೆಯ ಮನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೋಟೆಯನ್ನೂ ಕದನವನ್ನೂ ಕುರಿತೇ ಬರೆದಿದ್ದಾರೆ. ಅದು ಸಹಜವೇ ಆಗಿದೆ. ರಾಯಚೂರಿನ ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಶಿಲೆಯುಂಟು. ಗೋರೆ ಗನ್ನಯ್ಯ ರೆಡ್ಡಿಯು 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ತಿಳಿಸುತ್ತದೆ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಸೆಣಸಿದುದು ಇದೇ ಕೋಟೆಗಾಗಿ. ದೇವದುರ್ಗವು ಬೇಡ ಪಾಳೆಯಗಾರರ ನೆಲೆಯೆಂದು ಹೆಸರಾದ ಊರು. ಆದರೆ ಈ ಕೋಟೆಗಳ ನೆರಳಿನಲ್ಲಿ ಬಾಳಿದ ಒಕ್ಕಲಿಗ, ವರ್ತಕ, ನೇಕಾರ, ಪುರಾಣಿಕರ ಮನೆಗಳ ಚರಿತ್ರೆಯನ್ನು ಬರೆದವರು ವಿರಳ. ಅರಸನ ಗೋಡೆಗೆ ಶಾಸನವಿದೆ. ಪ್ರಜೆಯ ಗೋಡೆಗೆ ನೆರೆಯವರ ನೆನಪೊಂದೇ ಆಧಾರ.

ಈ ಭಾಗದ ಹಳೆಯ ಮನೆಯ ರಚನೆಯನ್ನು ಅರಿಯದೆ ಅದರ ಅಳಿವನ್ನು ಅರಿಯಲಾಗದು. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮರದ ಕಂಬ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಮೇಲಿನಿಂದ ಬೆಳಕಿಂಡಿ, ಕಾಳಿಗೆ ಹಗೇವು — ಇವು ಬಿಸಿಲಿನ ಸೀಮೆಗೆ ತಕ್ಕ ಅನುಭವಜನ್ಯ ವಾಸ್ತು. ಇಂತಹ ಮನೆಯು ವಾಸದಿಂದಲೇ ಉಳಿಯತಕ್ಕದ್ದು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಬೀಳದಿದ್ದರೆ ನೀರು ತೊಲೆಗಿಳಿಯುತ್ತದೆ. ತೊಲೆ ಕೊಳೆತರೆ ಗೋಡೆ ಬಾಯಿ ಬಿಡುತ್ತದೆ. ಅಣ್ಣತಮ್ಮಂದಿರ ಪಾಲು, ಮಕ್ಕಳ ವಲಸೆ, ರಸ್ತೆಯ ವಿಸ್ತರಣ ಇವೆಲ್ಲ ಕೂಡಿದಾಗ ಉಳಿದ ಕೆಲಸವನ್ನು ಹಾರೆ ಮುಗಿಸುತ್ತದೆ.

ಕಲ್ಲುಮಣ್ಣಿನ ಮನೆಗಾಗಿ ಇಷ್ಟು ಚಿಂತೆಯೇಕೆಂದು ಕೇಳುವವರುಂಟು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದ ಶರಣರ ಪರಂಪರೆಯಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಉತ್ತರವನ್ನು ಫ. ಗು. ಹಳಕಟ್ಟಿಯವರ (1880–1964) ಜೀವನದಲ್ಲಿಯೇ ಕಾಣಬಹುದು. ಬಿಜಾಪುರದಲ್ಲಿ ವಕೀಲರಾಗಿದ್ದ ಅವರು ಮಠಗಳನ್ನು ಮಾತ್ರವಲ್ಲ, ಗೃಹಸ್ಥರ ಮನೆಗಳನ್ನೂ ಅರಸಿ ತಾಡವೋಲೆಗಳನ್ನು ಕೂಡಿಸಿದರು. ಅದರ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ವಚನವು ಜಂಗಮವಾದುದೇ ಸರಿ. ಆದರೆ ಶತಮಾನಗಳ ಕಾಲ ಅದನ್ನು ಮಳೆಯಿಂದಲೂ ಗೆದ್ದಲಿನಿಂದಲೂ ಕಾದುದು ಯಾವುದೋ ಮನೆಯ ಅಟ್ಟ, ಯಾವುದೋ ಜಗಲಿಯ ಗೂಡು. ಮಾನ್ವಿಯಲ್ಲಿ ‘ಹರಿಕಥಾಮೃತಸಾರ’ದ ಕರ್ತೃಗಳಾದ ಜಗನ್ನಾಥದಾಸರು (1728–1809) ಬಾಳಿದ ಮನೆಯು ಮಂದಿರವಾಗಿ ಇಂದಿಗೂ ನಿಂತಿದೆ. ನಿತ್ಯ ಪೂಜೆಯಿರುವಲ್ಲಿ ನಿತ್ಯ ದುರಸ್ತಿಯೂ ಇರುತ್ತದೆ. ಪೂಜೆಯಿಲ್ಲದ ಮನೆಗಳಿಗೆ ಆಸರೆ ಯಾರು ಎಂಬುದೇ ಮುಂದಿನ ಪ್ರಶ್ನೆ.

ಈ ಆಸರೆಯನ್ನು ನೆರೆಹೊರೆಯವರು ಕೊಡಬಲ್ಲರೆಂಬುದಕ್ಕೆ ಹೊರಗಿನ ನಿದರ್ಶನಗಳಿವೆ. ಮುಂಬಯಿಯ ಗಿರಗಾಂವದ ಖೋತಾಚಿವಾಡಿಯಲ್ಲಿ ಒಂದು ಕಾಲಕ್ಕೆ 65 ಹಳೆಯ ಮನೆಗಳಿದ್ದುವು. ಈಗ ಉಳಿದುವು 30ಕ್ಕಿಂತ ಕಡಿಮೆ. ಅಷ್ಟಾದರೂ ಉಳಿದುದು ಅಲ್ಲಿಯ ನಿವಾಸಿಗಳೇ ಮುಂದಾಗಿ ಹೋರಾಡಿದುದರಿಂದ. ನಮ್ಮ ನಾಡಿನಲ್ಲಿ, ಮೈಸೂರಿನ ಯಾದವಗಿರಿಯಲ್ಲಿದ್ದ ಆರ್. ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದಾಗ ನಾಗರಿಕರೂ ಪತ್ರಿಕೆಗಳೂ ದನಿಯೆತ್ತಿದುದರಿಂದ ಕೆಲಸ ಅರ್ಧದಲ್ಲಿಯೇ ನಿಂತಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸಾರ್ವಜನಿಕ ಹಣವೇಕೆಂದು ಕೆಲವು ಕನ್ನಡ ಲೇಖಕರು ಆಕ್ಷೇಪಿಸಿದರು. ಕಡೆಗೆ ಮನೆಯು ಮಾಲೀಕರಿಂದ ಕ್ರಯಕ್ಕೆ ಬಂದು, ದುರಸ್ತಿಗೊಂಡು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಲ್ಲಿ ಗಮನಿಸಬೇಕಾದುದು ಎರಡು ಅಂಶ. ದನಿಯೆತ್ತಿದವರ ಕೈಯಲ್ಲಿ ಆ ಮನೆಯ ಚರಿತ್ರೆ ಸಿದ್ಧವಾಗಿತ್ತು. ಒಡೆಯರ ಹಕ್ಕಿಗೆ ಬೆಲೆಯೂ ಸಂದಿತು.

ಇದಕ್ಕೆ ವಿರುದ್ಧವಾದ ಪಾಠವನ್ನು ಹಂಪಿ ಕಲಿಸಿತು. ಅದೇ 2011ರ ಜುಲೈ 29ರಂದು ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿ, ಸಾಲುಮಂಟಪಗಳನ್ನು ಆಶ್ರಯಿಸಿದ್ದ ಮನೆ ಅಂಗಡಿಗಳನ್ನು ಒತ್ತುವರಿಯೆಂದು ತೆರವುಗೊಳಿಸಲಾಯಿತು. ನಿವಾಸಿಗಳ ಪ್ರತಿಭಟನೆ ಫಲಿಸಲಿಲ್ಲ. ಮಂಟಪ ಚರಿತ್ರೆಯೆನಿಸಿತು, ಅದರಲ್ಲಿ ದೀಪ ಹಚ್ಚುತ್ತಿದ್ದ ಸಂಸಾರ ಚರಿತ್ರೆಯೆನಿಸಲಿಲ್ಲ. ಮಂಟಪಗಳಿಗೆ ಆ ವಾಸದಿಂದ ಹಾನಿಯಾಗುತ್ತಿತ್ತೆಂಬ ವಾದದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೂ ಬಜಾರು ಬಜಾರಾಗಿದ್ದುದು ಜನರಿಂದ ಎಂಬುದನ್ನು ಮರೆಯಲಾಗದು.

ಹೀಗಿರುವುದರಿಂದ ಸಾಮಾನ್ಯ ಗೃಹಸ್ಥನಿಗೆ ‘ಸಂರಕ್ಷಣೆ’ ಎಂಬ ಶಬ್ದವೇ ಭಯವನ್ನುಂಟುಮಾಡುತ್ತದೆ. 1958ರ ಕೇಂದ್ರ ಕಾಯಿದೆಯು ಕನಿಷ್ಠ 100 ವರ್ಷ ಹಳೆಯದಾದ ಸ್ಮಾರಕಗಳಿಗೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದೊಳಗೆ ಸ್ವಂತ ಮನೆಯ ದುರಸ್ತಿಗೂ ಅನುಮತಿ ಬೇಕು. ಘೋಷಿತವಾಗದ ಹಳೆಯ ಮನೆಗಾದರೋ ಈ ಕಾಯಿದೆಯ ಆಸರೆಯಿಲ್ಲ. ಕಾಯಿದೆಗೆ ಸ್ಮಾರಕ ಗೊತ್ತು, ಕೇರಿ ಗೊತ್ತಿಲ್ಲ.

ಆದ್ದರಿಂದ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಹಳೆಯ ಮನೆಗಳನ್ನು ಉಳಿಸಬೇಕೆನ್ನುವವರ ಮೊದಲ ಕರ್ತವ್ಯ ಮನವಿಪತ್ರವಲ್ಲ, ದಾಖಲೆ. ಈ ಸೀಮೆಯು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಆ ಕಾಲದ ಅನೇಕ ಸರಕಾರಿ ಕಾಗದಪತ್ರಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಪತ್ರಗಳನ್ನು ಓದಿಸಿ ಬರೆದುಕೊಳ್ಳಬೇಕು. ಮನೆಯ ಅಳತೆ, ಕಟ್ಟಿದ ಕಾಲ, ಬಾಳಿದವರ ಹೆಸರು, ಅಲ್ಲಿ ನಡೆದ ಪುರಾಣ ಪ್ರವಚನ, ದೊರೆತ ಓಲೆಯ ಕಟ್ಟು ಇವೆಲ್ಲ ಒಂದು ಕಡೆ ಸೇರಬೇಕು. ಒಡೆಯನನ್ನು ಎದುರಾಳಿಯೆಂದೆಣಿಸದೆ, ಮಾಳಿಗೆಗೆ ಮಣ್ಣು ಹಾಕುವ ವೆಚ್ಚದಲ್ಲಿ ಕೇರಿಯೂ ಪಾಲುಗೊಳ್ಳಬೇಕು. ಹಾರೆ ಬಿದ್ದ ಮೇಲೆ ಎತ್ತುವ ದನಿಗಿಂತ, ಮಾಳಿಗೆ ಸೋರುವ ಮೊದಲು ಹೊತ್ತ ಒಂದು ಬುಟ್ಟಿ ಮಣ್ಣು ಹೆಚ್ಚು ಬೆಲೆಯುಳ್ಳದ್ದು.