ನಾನ್‌ಜಿಂಗ್ ನಗರದ ಮಿಂಗ್ ಪ್ರಾಕಾರ

ಪ್ರಾಚೀನ ಚೀನಾದ ನಗರನಿರ್ಮಾಣದ ಆದರ್ಶವನ್ನು ‘ಝೌ ಲಿ’ ಎಂಬ ಗ್ರಂಥದ ಶಿಲ್ಪವಿಧಿಯ ಭಾಗವು ನಿರೂಪಿಸುತ್ತದೆ. ಅದರ ಪ್ರಕಾರ ರಾಜಧಾನಿಯು ಚತುರಸ್ರವಾಗಿರಬೇಕು; ಪ್ರತಿಯೊಂದು ಪಾರ್ಶ್ವವೂ ಒಂಬತ್ತು ‘ಲೀ’ ಉದ್ದವಿದ್ದು, ಮೂರು ಮೂರು ದ್ವಾರಗಳನ್ನು ಹೊಂದಿರಬೇಕು. ಮಿಂಗ್ ವಂಶದ ಪ್ರಥಮ ರಾಜಧಾನಿಯಾದ ನಾನ್‌ಜಿಂಗ್ ನಗರದ ಪ್ರಾಕಾರವು ಈ ವಿಧಿಯನ್ನು ಅನುಸರಿಸಲಿಲ್ಲವೆಂಬುದು ಗಮನಾರ್ಹವಾದ ಸಂಗತಿ.

ಬಡ ರೈತಕುಟುಂಬದಲ್ಲಿ ಜನಿಸಿ, ಬಂಡಾಯದ ನಾಯಕನಾಗಿ, 1368ರಲ್ಲಿ ಸಿಂಹಾಸನವನ್ನೇರಿದ ಝು ಯುವಾನ್‌ಝಾಂಗನು ಅದಕ್ಕೆ ಎರಡು ವರ್ಷ ಮೊದಲೇ, 1366ರಲ್ಲಿ, ಈ ಕಾರ್ಯವನ್ನು ಆರಂಭಿಸಿದನು. ಅದು ಎರಡು ದಶಕಗಳ ಕಾಲ ನಡೆಯಿತು. ದಕ್ಷಿಣದಲ್ಲಿ ಚಿನ್‌ಹುವಾಯ್ ನದಿ, ಈಶಾನ್ಯದಲ್ಲಿ ಶುವಾನ್‌ವು ಸರೋವರ, ಪಶ್ಚಿಮದಲ್ಲಿ ಕ್ರಿ. ಶ. 3ನೆಯ ಶತಮಾನದ ‘ಶಿಲಾನಗರ’ದ ದಿಣ್ಣೆ: ಇವನ್ನೆಲ್ಲ ರಕ್ಷಣೆಯ ಅಂಗಗಳನ್ನಾಗಿ ಮಾಡಿಕೊಂಡು ಗೋಡೆಯು ಅಂಕುಡೊಂಕಾಗಿ ಸಾಗುತ್ತದೆ. ಅದರ ಮೂಲ ಉದ್ದ ಸುಮಾರು 35 ಕಿಲೋಮೀಟರ್, ದ್ವಾರಗಳು 13. ಶಾಸ್ತ್ರದ ಚೌಕಕ್ಕಿಂತ ನೆಲದ ಸ್ವರೂಪವೇ ಇಲ್ಲಿ ಪ್ರಮಾಣವಾಯಿತು.

ದಕ್ಷಿಣದ ಜುಬಾವ್ ದ್ವಾರವು (1931ರಿಂದ ಝಾಂಗ್‌ಹುವಾ ದ್ವಾರ) ಈ ರಚನೆಯ ಕೌಶಲವನ್ನು ಚೆನ್ನಾಗಿ ತೋರುತ್ತದೆ. ಒಂದರ ಹಿಂದೊಂದರಂತೆ ನಾಲ್ಕು ಬಾಗಿಲುಗಳು, ಅವುಗಳ ನಡುವೆ ಮೂರು ಆವೃತ ಅಂಗಳಗಳು. ಹೊರಬಾಗಿಲನ್ನು ಮುರಿದು ಒಳನುಗ್ಗಿದ ಶತ್ರುವು, ಮೇಲಿನಿಂದ ಇಳಿಬಿಡುವ ಕದದಿಂದಾಗಿ ಅಂಗಳದಲ್ಲಿಯೇ ಸೆರೆಯಾಗುವಂತೆ ಇವನ್ನು ಯೋಜಿಸಲಾಗಿತ್ತು. ಸೈನಿಕರು ತಂಗಲೂ ಸಾಮಗ್ರಿಯನ್ನು ಸಂಗ್ರಹಿಸಲೂ ಗೋಡೆಯೊಳಗೆ 27 ಕಮಾನುಗುಹೆಗಳಿದ್ದವು. ಗಾರೆಯಲ್ಲಿ ಸುಣ್ಣದೊಡನೆ ಅಂಟು ಅಕ್ಕಿಯ ಗಂಜಿಯನ್ನು ಬೆರೆಸುತ್ತಿದ್ದುದೂ ಉಂಟು.

ಇತಿಹಾಸದ ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ಮುಖ್ಯವಾದುವು ಇಟ್ಟಿಗೆಗಳ ಮೇಲಿನ ಬರಹಗಳು. ಯಾಂಗ್‌ತ್ಸೆ ನದಿಯ ಮಧ್ಯ ಮತ್ತು ಕೆಳಕಣಿವೆಯ ಅನೇಕ ಪ್ರಾಂತಗಳು ಇಟ್ಟಿಗೆಗಳನ್ನು ಒದಗಿಸಬೇಕಾಗಿತ್ತು. ಅವು ಜಲಮಾರ್ಗವಾಗಿ ರಾಜಧಾನಿಗೆ ಬಂದವು. ಅನೇಕ ಇಟ್ಟಿಗೆಗಳ ಮೇಲೆ ಪ್ರಾಂತದ ಮತ್ತು ತಾಲ್ಲೂಕಿನ ಹೆಸರು, ಮೇಲ್ವಿಚಾರಕ ಅಧಿಕಾರಿ, ಹಳ್ಳಿಯ ತಂಡದ ಮುಖ್ಯಸ್ಥ, ಗೂಡು ಸುಟ್ಟವನು, ಕೊನೆಗೆ ಮಣ್ಣು ತುಳಿದು ಇಟ್ಟಿಗೆ ಕೊಯ್ದ ಆಳು, ಇವರೆಲ್ಲರ ಹೆಸರುಗಳು ಮುದ್ರಿತವಾಗಿವೆ. ದೋಷ ಕಂಡುಬಂದರೆ ಹೊಣೆಗಾರನನ್ನು ಹಿಡಿಯುವುದೇ ಇದರ ಉದ್ದೇಶ. ರಾಜರ ಶಾಸನಗಳು ಸಾಮಾನ್ಯವಾಗಿ ದಾತೃಗಳ ಮತ್ತು ವೀರರ ಹೆಸರುಗಳನ್ನು ಉಳಿಸುತ್ತವೆ. ಇಲ್ಲಿ ದಂಡನೆಯ ಭಯವು ಅನಾಮಧೇಯರಾಗಿ ಅಳಿಯಬೇಕಾಗಿದ್ದ ಕೂಲಿಕಾರರ ಹೆಸರುಗಳನ್ನು ಉಳಿಸಿತು. ಹೊಸ ರಾಜ್ಯದ ಆಡಳಿತವು ಹಳ್ಳಿಯ ಇಟ್ಟಿಗೆಗೂಡಿನವರೆಗೆ ಹೇಗೆ ಕೈಚಾಚಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಆದರೆ ಇಟ್ಟಿಗೆಗೆ ಹೊಣೆಗಾರನನ್ನು ಗೊತ್ತುಮಾಡಿದ ಆ ವ್ಯವಸ್ಥೆಯು ಬಾಗಿಲು ಕಾಯುವವರ ನಿಷ್ಠೆಯನ್ನು ಗೊತ್ತುಮಾಡಲಾರದೆ ಹೋಯಿತು. ಸಂಸ್ಥಾಪಕನು ತೀರಿಕೊಂಡ ನಾಲ್ಕೇ ವರ್ಷಗಳಲ್ಲಿ, 1402ರಲ್ಲಿ, ಅವನ ಮಗ ಝು ದಿ, ಸಿಂಹಾಸನದಲ್ಲಿದ್ದ ತನ್ನ ಅಣ್ಣನ ಮಗನ ವಿರುದ್ಧ ದಂಡೆತ್ತಿ ಬಂದಾಗ, ಉತ್ತರದ ಜಿನ್‌ಚುವಾನ್ ದ್ವಾರವನ್ನು ಕಾವಲಿನವರೇ ತೆರೆದುಕೊಟ್ಟರು. ಗೋಡೆ ಬೀಳಲಿಲ್ಲ, ನಗರ ಬಿದ್ದಿತು. 1421ರಲ್ಲಿ ಪ್ರಧಾನ ರಾಜಧಾನಿಯ ಪದವಿಯೂ ಬೀಜಿಂಗ್ ನಗರಕ್ಕೆ ಸಂದಿತು.

1950ರ ದಶಕದಲ್ಲಿ ಪ್ರಾಕಾರದ ಹಲವು ಭಾಗಗಳನ್ನು ಕೆಡವಲಾಯಿತು. 1988ರಲ್ಲಿ ಅದು ರಾಷ್ಟ್ರೀಯ ಸಂರಕ್ಷಿತ ಸ್ಮಾರಕವಾಯಿತು. ಇಂದು ಸುಮಾರು 25 ಕಿಲೋಮೀಟರ್ ಉಳಿದಿದೆ. ಕೆಡವಿದ ಒಂದೊಂದು ಮಾರಿನೊಡನೆಯೂ ಬೇರೆಲ್ಲಿಯೂ ದಾಖಲಾಗದ ಹೆಸರುಗಳು ಅಳಿದಿರುವುದರಿಂದ, ಉಳಿದ ಇಟ್ಟಿಗೆಗಳನ್ನು ಓದಿ ಸಂಗ್ರಹಿಸುವ ಕಾರ್ಯವು ಗೋಡೆಯ ರಕ್ಷಣೆಯಷ್ಟೇ ಅಗತ್ಯವಾದುದಾಗಿದೆ.